ನಿಮ್ಮ ಕೆಲಸ

ನನ್ನ ಮಾವ ಕೆಲಸ ಬಿಡಲಿಲ್ಲ. ತನ್ನ ಕೆಲಸ ತೆಗೆದು ನನ್ನ ಕೊರಳಿಗೆ ಹಾಕಿ, ತಾನು ಹೊಳಿಗೆ ಈಸಾಕ ಹೋದ. ನಡೆದದ್ದು ಇಷ್ಟೇ.

ಇದನ್ನ ಯಾಕ ಬರೀಬೇಕಾತಂದ್ರ, ಮೊನ್ನೆ ನನ್ನ ಹಿರೇ ಮಗ ಶಿರೋಳಿಯ ಫೌಂಡ್ರಿಯಿಂದ ನಿವೃತ್ತನಾದ. ಹಾರ ಹಾಕಿಸಿಕೊಂಡು ಭಾಷಣ ಮಾಡಿದ. ಕೆಲಸ ಹಗೂರಕ ಬಿಡೂದು ಹ್ಯಾಂಗ, ಬಿಟ್ಟ ಮ್ಯಾಲೆ ಸುಖದಿಂದ ಬದುಕೂದು ಹ್ಯಾಂಗ ಅನ್ನೂದನ್ನ ನಮ್ಮಜ್ಜನ್ನ ನೋಡಿ ಕಲಿಯಬೇಕಂತ. ಮಂದಿ ಚಪ್ಪಾಳಿ ತಟ್ಟಿದರು. ನಾನು ತಟ್ಟಲಿಲ್ಲ. ಮನಿಗೆ ಬಂದು ಜಗಲಿ ಮ್ಯಾಲಿನ ಡಬ್ಬಿ ತೆಗೆದೆ. ಮಾವನ ವಿಭೂತಿ ಗಟ್ಟಿ ಅದರಾಗೇ ಐತಿ. ಎರಡು ಕಡೆ ತಗ್ಗು ಬಿದ್ದೈತಿ, ಒಂದು ಹೆಬ್ಬೆರಳಿಂದು, ಒಂದು ತೋರುಬೆರಳಿಂದು. ಮೂಸಿ ನೋಡಿದರ ಇನ್ನೂ ನೂಲಿನ ಗಂಜಿ ವಾಸನಿ…

ನನ್ನ ತವರು ದತ್ತವಾಡದ ಆಚೆ, ಗಡಿ ದಾಟಿದ ಮ್ಯಾಲೆ, ಕನ್ನಡ ಸೀಮ್ಯಾಗ. ಮೂರನೇತ್ತೆಗೆ ಸಾಲಿ ಬಿಡಿಸಿದರು, ಮುಂದ ಇಚಲಕರಂಜಿಗೆ ಕೊಟ್ಟರು. ಮರಾಠಿ ಬರತಿರಲಿಲ್ಲ. ಮಾವ ಪವರ್‌ಲೂಮಿನ ಶೆಡ್ಡಿನಾಗ ಕೆಚ್ಚುವ ಕೆಲಸ ಮಾಡತಿದ್ದ. ಮಗ್ಗದಾಗ ಹಳೇ ಹಾಸು, ಅಂದ್ರ ಉದ್ದಕ ಬಿಗಿದ ನೂಲು, ಮುಗಿಯಾಕ ಬಂದಾಗ, ಹೊಸ ಹಾಸಿನ ಎಳಿ ಒಂದೊಂದಾಗಿ ಹಳೇ ಎಳಿಗೆ ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳಿ. ಬೆರಳು ಜಾರಬಾರದಂತ ಉಳಿದವರು ಒಲಿಬೂದಿ ಹಚ್ಚಿಕೊಂಡರ ಈತ ವಿಭೂತಿ ಹಚ್ಚಿಕೊಳ್ಳಾಂವ. ಹಣಿಗೂ ಅದೇ, ಬೆರಳಿಗೂ ಅದೇ. ಅಂವ ಕೂಡಿಸಿದ ಎಳಿ ಬಿಚ್ಚಿದ್ದು ಯಾರೂ ಕಂಡಿಲ್ಲಂತ ಶೆಡ್ಡಿನಾಗ ಹೆಸರಿತ್ತು. ಮನಿಯಾಗಿನ ಹೆಸರು ಬ್ಯಾರೆ. ರೊಟ್ಟಿ ದಪ್ಪಾತು, ಸಾರು ನೀರಾತು, ಸೊಸಿ ಬಾಗಲದಾಗ ನಿಂತಳು… ಎದುರಿಗೆ ನಾನು "ರೀ" ಹಚ್ಚಿ ಮಾತಾಡತಿದ್ದೆ, ಈಗ ಬರಿಯೂವಾಗ "ಅಂವ" ಅಂತೇನಿ. ಅಂವ ನನಗ "ಏ" ಅಂತಿದ್ದ, ಭಾಳ ಅಂದ್ರ "ನೀ".

ಬರಬರತ ಕಣ್ಣು ಮಂಜಾದವು. ಕೊಲ್ಹಾಪುರಕ್ಕ ಹೋಗಿ ಚಸ್ಮಾ ತಂದ, ಆ ಚಸ್ಮಾಕ್ಕೂ ಬೈದ. ಕೂಡಿಸಿದ ಎಳಿ ಬಿಚ್ಚಾಕ ಹತ್ತಿದವು. ಮಾಲಕ ಇನ್ನೊಬ್ಬ ಹರೇದಾಂವನ್ನ ತಂದು ಕುಂದ್ರಿಸಿದ. ಹೊಸ ಹಾಸು ಯಾರಿಗೆ ಅಂತ ಇಬ್ಬರಿಗೂ ದಿನಾ ಜಗಳ. ಒಂದು ಸಂಜಿ ಶೆಡ್ಡಿನ ಮುಕಾದಮ ಬಾಗಲಕ್ಕ ಬಂದ. ಮಾವ ಇರಲಿಲ್ಲ. "ಮಾಮಾಂನಾ ಸಾಂಗಾ, ಉದ್ಯಾಪಾಸನಂ ನಿಮ್ಮ ಕಾಮ" ಅಂತ ನನಗ ಹೇಳಿ ಹೋದ. ಸಾಂಗಾ ಅಂದ್ರ ಹೇಳು, ಉದ್ಯಾ ಅಂದ್ರ ನಾಳೆ, ಕಾಮ ಅಂದ್ರ ಕೆಲಸ ಅನ್ನೂವಷ್ಟು ತಿಳಿದಿತ್ತು. ನಿಮ್ಮ ಅನ್ನೂದಂತೂ ಕನ್ನಡನೇ ಆತಲ್ಲ. ಮಾವ ಬಂದ ಕೂಡಲೆ ಹೇಳಿದೆ, ನಾಳಿಂದ ನಿಮ್ಮ ಕೆಲಸ ಅಂತ್ರಿ.

ಜಗಳ ಗೆದ್ದೆ ಅಂದುಕೊಂಡ. ಮರುದಿನ ಹೊಸ ರುಮಾಲು ಸುತ್ತಿ ಹೋಗಿ, ಆ ಹರೇದಾಂವನ ರಟ್ಟಿ ಹಿಡಿದು ಎಬ್ಬಿಸಿ, ಇಡೀ ಹಾಸಿನ ಮುಂದ ತಾನೊಬ್ಬನೇ ಕೂತನಂತ. ಶೆಡ್ಡಿಗೆ ಶೆಡ್ಡೇ ನಕ್ಕಿತಂತ. ಮಧ್ಯಾಹ್ನಕ್ಕೇ ಮನಿಗೆ ಬಂದ. ರುಮಾಲು ಕೈಯಾಗಿತ್ತು.

"ಮುಕಾದಮ ಏನಂದ?"

"ನಿಮ್ಮ ಅಂದ್ರು ರೀ."

"ಮರಾಠ್ಯಾಗ ನಿಮ್ಮ ಅಂದ್ರ ಅರ್ಧಾ, ಹುಚ್ಚಿ. ನಾ ಅರ್ಧಾ ಮನಷ್ಯಾ ಆಗೇನಂತ ಹೇಳಿ ಕಳಿಸ್ಯಾರ, ನೀ ನನ್ನ ಗಾದಿ ಮ್ಯಾಲೆ ಕುಂದ್ರಿಸಿ ಕಳಿಸಿದಿ."

ಅವತ್ತಿಂದ ನನಗ "ನಿಮ್ಮವ್ವ" ಅಂತ ಹೆಸರಿಟ್ಟ. ಏ ನಿಮ್ಮವ್ವ, ನೀರು ತಾ. ಓಣಿಯಾಗ ಕೇಳಿದವರು ಬೈಗಳಂತ ತಿಳಿದರು. ಅವರದೇನು ತಪ್ಪಿಲ್ಲ.

ಅರ್ಧಾ ದಿನ ಶೆಡ್ಡಿಗೆ, ಉಳಿದರ್ಧ ನನ್ನ ತಲಿ ಮ್ಯಾಲೆ. ಪಡಸಾಲಿಯ ಎರಡು ಕಂಬಕ್ಕ ಎಳಿ ಬಿಗಿದು ಕೆಚ್ಚು ಅಂದ. ಯಾಕಂತ ಹೇಳಲಿಲ್ಲ. ಈಗ ಭಾಷಣ ಮಾಡಿದಾಂವ ಆಗ ತೊಟ್ಟಿಲದಾಗ ಅಳತಿದ್ದ, ಅದೂ ಅಂವಗ ಕೇಳಲಿಲ್ಲ. ನಾ ಕೂಡಿಸಿದ್ದನ್ನ ಜಗ್ಗಿ ನೋಡಾಂವ. ಒಂದು ಬಿಚ್ಚಿದರ ಎಲ್ಲಾ ಹರಿದು ಒಗಿಯಾಂವ. ರೊಟ್ಟಿ ಬಡಿಯೂ ಬೆರಳಿಗೆ ಎಳಿ ಎಲ್ಲಿ ತಿಳೀಬೇಕಂತ ಓಣಿಗೆ ಕೇಳೂಹಂಗ ಅನ್ನಾಂವ. ಅಂವನ ಬಾಯಿ ಮುಚ್ಚಿಸಾಕಂತನೇ ಕಲಿತೆ. ಬಾಯಿ ಮುಚ್ಚಿದ ದಿನ ನನ್ನ ಶೆಡ್ಡಿಗೆ ಕರಕೊಂಡು ಹೋಗಿ, ನನ್ನ ಅರ್ಧದಾಗ ಅರ್ಧಾ ಇಕಿ ಮಾಡತಾಳಂತ ಮಾಲಕನಿಗೆ ಹೇಳಿದ. ನನ್ನ ಕೇಳಿರಲಿಲ್ಲ. ನನ್ನ ಗಂಡನ್ನೂ ಕೇಳಿರಲಿಲ್ಲ.

ಮುಂದ ವಾರಕ್ಕ ಮೂರು ದಿನ ಹೋದ, ಆಮ್ಯಾಲೆ ಒಂದೇ ದಿನ, ಆಮ್ಯಾಲೆ ಮನಸು ಬಂದಾಗ… ಅಂವ ಬಿಟ್ಟದ್ದೆಲ್ಲಾ ನನ್ನ ಪಾಲಿಗೆ ಬಂತು. ಮುದುಕನಿಗೆ ಹರೇ ಬಂತು. ಸೊಂಟಕ್ಕ ಒಣಗಿದ ಕುಂಬಳಕಾಯಿ ಬುರುಡಿ ಕಟಗೊಂಡು ಪಂಚಗಂಗೆಯಾಗ ಈಸು ಕಲಿತ. ಮೆಣಸಿನಕಾಯಿ ಸುಗ್ಗಿಗೆ ಗಡಹಿಂಗ್ಲಜದ ಮಗಳ ಮನಿಗೆ ಹೋಗಿ ತಿಂಗಳಗಟ್ಟಲೆ ಕೂತು, ಅಲ್ಲಿ ಮೊಮ್ಮಕ್ಕಳನ್ನ ನಗಿಸಿ ತಾನೂ ನಗತಿದ್ದನಂತ. ನಾವು ಅಂವನ ಹಲ್ಲು ಕಂಡಿರಲಿಲ್ಲ. ನಾನು ಹತ್ತಿ ಧೂಳಿನಾಗ ಕೆಮ್ಮತಿದ್ದೆ, ಮಾವ ತೇಲತಿದ್ದ.

ಅರವತ್ತರ ದಶಕ ಮುಗಿಯಾಕ ಬಂದಿತ್ತು. ಒಂದು ಮಧ್ಯಾಹ್ನ ಕರೀದೇ ಶೆಡ್ಡಿಗೆ ಬಂದ. ತಲಿಗೂದಲು ಇನ್ನೂ ಹಸಿ ಇತ್ತು. ನಾನು ಆಗಷ್ಟೇ ಕೈ ಹಚ್ಚಬೇಕಿದ್ದ ಹಾಸಿನ ಮುಂದಿಂದ ನನ್ನ ಸರಿಸಿ ಕೂತ. ಸಂಜಿಮಟ ಕೆಚ್ಚಿದ. ಅರ್ಧಕ್ಕ ಬಂದು ನಿಲ್ಲಿಸಿ, ವಿಭೂತಿ ಗಟ್ಟಿ ನನ್ನ ಮುಂದಿಟ್ಟ.

"ನಿಮ್ಮ ಕೆಲಸ" ಅಂದ.

ಎದ್ದು ಹೋದ. ಮತ್ತ ಶೆಡ್ಡಿಗೆ ಕಾಲಿಡಲಿಲ್ಲ.

ಯಾವ ಭಾಷಾದಾಗ ಅಂದ? ಅರ್ಧಾ ಉಳಿದೈತಿ ಅಂದನೋ, ಹಳೇ ತಪ್ಪು ಎತ್ತಿ ಹಂಗಿಸಿದನೋ, ಇಲ್ಲಾ ಆ ಒಂದೇ ಸಲ ನನಗ ಮರ್ಯಾದಿ ಹಚ್ಚಿ ಮಾತಾಡಿದನೋ… ಕೇಳಬೇಕಿತ್ತು. ಎರಡು ವರ್ಷದ ಮ್ಯಾಲೆ ಗಡಹಿಂಗ್ಲಜದಾಗ ಸತ್ತ. ನಾವು ಮುಟ್ಟೂದರಾಗ ಮಣ್ಣು ಮಾಡಿದ್ದರು. ಕೇಳಬೇಕಾದ ಮನಷ್ಯಾನೇ ಹೋದ. ಮೊನ್ನೆ ಗಟ್ಟಿಯ ತಗ್ಗಿನಾಗ ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತವು. ಅಂವನ ಬೆರಳು ಎಷ್ಟು ದೊಡ್ಡವಿದ್ದವೋ ಇನ್ನ ತಿಳಿಯಂಗಿಲ್ಲ. ಅಂವ ಸವೆಸಿದ್ದಕ್ಕಿಂತ ನಾ ಸವೆಸಿದ್ದೇ ಹೆಚ್ಚಾಗೈತಿ.

ಅಂವ ಎದ್ದು ಹೋದ ಮರುದಿನ ಮುಂಜಾನೆ ಎಲ್ಲಾರಿಗಿಂತ ಮೊದಲು ಶೆಡ್ಡಿಗೆ ಹೋದೆ. ಉಳಿದ ಅರ್ಧ ಮುಟ್ಟೂಕಿಂತ ಮೊದಲು ಅಂವನ ಅರ್ಧ ಜಗ್ಗಿ ನೋಡಿದೆ, ಅಂವ ನನ್ನದನ್ನ ಜಗ್ಗಿ ನೋಡತಿದ್ದಹಂಗ. ಭಾಳ ಎಳಿ ಬಿಚ್ಚಿದವು. ನಾನು ಹರಿದು ಒಗಿಲಿಲ್ಲ. ಮಾಲಕ ಬರೂದರಾಗ ಅವನ್ನೆಲ್ಲಾ ಮತ್ತ ಕೆಚ್ಚಿ, ಬೆರಳು ಸೆರಗಿಗೆ ಒರಸಿಕೊಂಡು, ನನ್ನ ಅರ್ಧಕ್ಕ ಕೂತೆ.