ತುತ್ತೂರಿಯೂ ಗೋಮತಿಯ ಕೈಯೂ

ಟಕಟಕ ಟಕಟಕ ಎಂದು ಸೋಮನೂರಿನ ಆ ಮಗ್ಗದ ಬೀದಿ ದಿನವಿಡೀ ಬಡಿದುಕೊಳ್ಳುತ್ತದೆ. ಕರೆಂಟು ಹೋಗಿ ಮಗ್ಗಗಳು ನಿಂತರೆ ಮಲಗಿದ್ದ ಕೂಸುಗಳು ಬೆಚ್ಚಿ ಅಳುತ್ತವೆ. ಆ ಸದ್ದಿನೊಳಗೇ ಬಾಳಿದ ಚಂದ್ರಾಳಿಗೆ ಮಾತ್ರ ಈಗ ಅದು ಕಿವಿಗೆ ಕೇಳಿಸುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ನೆಲ ನಡುಗಿದರೆ ಮಗ್ಗ ಓಡುತ್ತಿದೆ ಎಂದು ಲೆಕ್ಕ.

ಮದುವೆಯಾಗಿ ಬಂದಂದಿನಿಂದ ನಾದಿನಿ ಗೋಮತಿಯ ಪಕ್ಕದ ಮಗ್ಗದಲ್ಲೇ ಅವಳ ದುಡಿಮೆ. ನೂಲು ಹರಿದರೆ, ಯಾರಾದರೂ ಕರೆದರೆ, ಗೋಮತಿ ಬಂದು ಅವಳ ಭುಜ ತಟ್ಟುತ್ತಾಳೆ. ಗಂಡ ಲೋಗನಾಥನ್ ಶೆಡ್ಡಿನ ಬಾಗಿಲಲ್ಲಿ ಕುಸಿದ ದಿನವೂ ಅವನ ಕೂಗು ಚಂದ್ರಾಳಿಗೆ ಕೇಳಿಸಲಿಲ್ಲ. ಗೋಮತಿಯ ಕೈ ಬಂದು ತಟ್ಟಿತು.

ಅವನು ತೀರಿಹೋದ ಮೇಲೆ ಚಂದ್ರಾ ಬೀದಿಯ ಕೊನೆಯ ತಗಡಿನ ಪ್ರಾರ್ಥನೆಯ ಮನೆಗೆ ಹೋಗತೊಡಗಿದಳು. ಮೊದಲು ಹೋದದ್ದು ಅಲ್ಲಿನ ಡೋಲಿನ ಬಡಿತ ಎದೆಗೆ ಮುಟ್ಟುತ್ತದೆಂದು. ಆಮೇಲೆ ಯೇಸುವೇ ಮುಟ್ಟಿದ. ಈ ಭಾನುವಾರ ಅವಳ ಜ್ಞಾನಸ್ನಾನ, ನೀರಲ್ಲಿ ಮುಳುಗಿ ಯೇಸುವಿನವಳಾಗುವ ದಿನ.

ಹೋದ ವಾರ ಪಾಸ್ಟರ್ ಇಳಂಗೋ ಕಡೆಯ ತೀರ್ಪಿನ ಬಗ್ಗೆ ಹೇಳಿದರು. ಚಂದ್ರಾ ಮುಂದಿನ ಸಾಲಲ್ಲಿ ಕೂತು ಅವರ ತುಟಿ ಓದಿದಳು. ತುತ್ತೂರಿ ಊದುತ್ತದಂತೆ. ಸತ್ತವರು ಎದ್ದು ಸಿಂಹಾಸನದ ಮುಂದೆ ನಿಲ್ಲುತ್ತಾರಂತೆ. ನಂಬಿದವರು ಕುರಿಗಳಂತೆ ಬಲಕ್ಕೆ, ನಂಬದವರು ಆಡುಗಳಂತೆ ಎಡಕ್ಕೆ, ಬೆಂಕಿಗೆ. ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಆ ತುತ್ತೂರಿ ತನಗೆ ಕೇಳಿಸದೇ ಹೋದರೆ?

ತಾಳಲಾರದೆ ಗೋಮತಿಗೆ ಹೇಳಿದಳು. ಚೌಡೇಶ್ವರಿಗೆ ದೀಪ ಹಚ್ಚುವ ಗೋಮತಿ ನಕ್ಕಳು.

"ಅದ್ಕ್ಯಾಕ್ ಭಯ ಅತ್ತಿಗೇ? ನಾ ತಟ್ತೀನಿ, ನೀ ಎದ್ದು ಹೋಗು. ನೀ ಬರೋಗಂಟ ನಿನ್ ಮಗ್ಗಾನೂ ನಾನೇ ಓಡಿಸ್ತೀನಿ."

ಚಂದ್ರಾಳಿಗೆ ನಗು ಬರಲಿಲ್ಲ. ಭಯ ಹೋಗಲಿಲ್ಲ, ಜಾಗ ಬದಲಿಸಿತು. ತಟ್ಟಿದವಳು ಯಾವ ಕಡೆ ನಿಲ್ಲುತ್ತಾಳೆ? ಅವಳನ್ನು ಎಡಕ್ಕೆ ಬಿಟ್ಟು ತಾನು ನೀರಿಗಿಳಿಯುವುದು ಹೇಗೆ?

ಶನಿವಾರ ಮಧ್ಯಾಹ್ನ ಕರೆಂಟು ಹೋದಾಗ ಪಾಸ್ಟರರ ಬಳಿ ಹೋದಳು. ಅವರು ಸ್ನಾನದ ತೊಟ್ಟಿಗೆ ಕೊಡದಿಂದ ನೀರು ಸುರಿಯುತ್ತಿದ್ದರು. ಗೋಮತಿಯ ಗತಿ ಏನೆಂದು ಕೇಳಿದ್ದಕ್ಕೆ ಕೊಡ ಕೆಳಗಿಟ್ಟು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು. ನಂಬಿದವರಿಗೆ ತೀರ್ಪು ಎಂದರೆ ಕಣ್ಣೀರಿಗೆಲ್ಲ ಉತ್ತರ ಸಿಗುವ ದಿನ. ನಂಬದವರ ಬಗ್ಗೆ ಬೈಬಲಿನಲ್ಲಿ ಬರೆದಿರುವುದನ್ನು ತಮ್ಮಿಂದ ಅಳಿಸಲಾಗದು. ಆದರೆ ಸುಟ್ಟುಹೋಗಲಿದ್ದ ಊರಿನ ಪರವಾಗಿ ಅಬ್ರಹಾಮ ದೇವರೆದುರು ನಿಂತು ಚೌಕಾಸಿ ಮಾಡಿದ, ಐವತ್ತು ಒಳ್ಳೆಯವರಿದ್ದರೆ ಊರನ್ನು ಉಳಿಸುವೆಯಾ ಎಂದು ಶುರುಮಾಡಿ ಹತ್ತಕ್ಕೆ ಇಳಿಸಿದ.

"ದೇವರು ಸಿಟ್ಟಾಗಲಿಲ್ವಾ?"

"ಇಲ್ಲ, ದೇವರು ಕೊನೆವರೆಗೂ ನಿಂತು ಕೇಳಿಸಿಕೊಂಡ."

ಊರು ಉಳಿಯಿತೇ ಎಂದು ಅವಳು ಕೇಳಲಿಲ್ಲ. ಅವರೂ ಹೇಳದೆ ಕೊಡ ಎತ್ತಿಕೊಂಡರು. ನಾಳೆ ಬದಲಿ ಸೀರೆ ತರಬೇಕೆಂದು ನೆನಪಿಸಿದರು. ಅಷ್ಟರಲ್ಲಿ ಚಂದ್ರಾಳ ಅಂಗಾಲಿಗೆ ನಡುಕ ಹತ್ತಿತು. ಕರೆಂಟು ಬಂದಿದೆ. ಅಲ್ಲಿ ಗೋಮತಿ ಒಬ್ಬಳೇ ಇಬ್ಬರ ಮಗ್ಗಗಳ ನಡುವೆ ಓಡಾಡುತ್ತಿರುತ್ತಾಳೆ.

"ನಾಳೆ ನೀರಿಗಿಳೀತೀನಿ," ಎಂದಳು ಚಪ್ಪಲಿ ಮೆಟ್ಟುತ್ತ. "ಆದ್ರೆ ಆ ತೀರ್ಪಿನ ದಿನ ಗೋಮತಿ ಕೈ ಬಿಡದೆ ಬರ್ತೀನಿ. ಸಿಂಹಾಸನದ ಮುಂದೆ ಮೊದಲು ನಾನೇ ಹೇಳ್ತೀನಿ, ಸಾಮೀ, ನಿಮ್ಮ ತುತ್ತೂರಿ ನಂಗೆ ಕೇಳಿಸ್ಲಿಲ್ಲ, ಇವಳು ತಟ್ಟಿದ್ದಕ್ಕೇ ನಾನು ಎದ್ದು ಬಂದೆ" ಎನ್ನುತ್ತ, ಹಿಂದೆ ನೋಡದೆ, ನಡುಗುವ ಬೀದಿಗಿಳಿದು ಬಿರಬಿರನೆ ಗೋಮತಿಯ ಕಡೆ ನಡೆದಳು.