ಎರಡು ಕೀಗಳೂ ಕಾರಿನೊಳಗೆ

ನನ್ನ ಕಾರಿನ ಬಾಗಿಲು ತೆಗೆಸಿಕೊಳ್ಳಲು ನಾನೇ ಒಂದು ಸಲ ‘ತಪ್ಪಾಯ್ತು’ ಅಂದಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಬೀಜ ಪರೀಕ್ಷೆಯ ಕೆಲಸ ಮಾಡುವವಳು. ಮೊಳಕೆ ಎಣಿಸಿ ಎಣಿಸಿ ಕಣ್ಣು ಸವೆಸಿದ ಸಂಬಳದಲ್ಲಿ ಕಾರು ಕೊಂಡೆ. ಕೀ ತಿರುವುವ ಕಾರಲ್ಲ ಅದು. ಎಲೆಕ್ಟ್ರಾನಿಕ್ ಕೀ ಜೇಬಿನಲ್ಲೋ ಬ್ಯಾಗಿನಲ್ಲೋ ಇದ್ದರೆ ಸಾಕು, ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಹೊರಡುತ್ತದೆ. ಕೀ ಇಲ್ಲದಿದ್ದರೆ ಮೊಬೈಲೇ ಕೀ. ಮಂಡ್ಯದ ಶೋರೂಮಿನಲ್ಲಿ ಇದನ್ನೆಲ್ಲ ಹೇಳಿಕೊಟ್ಟ ಹುಡುಗಿ, “ಮೇನ್ ಫೋನ್ ಯಾರದ್ದು ಮೇಡಂ? ಬೇರೆಯವ್ರ ಫೋನಿಗೆ ಕೀ ಕಳ್ಸೋದು, ವಾಪಸ್ ತೆಗೆಯೋದು ಎಲ್ಲ ಅದ್ರಿಂದಲೇ” ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತಮ್ಮ ನಂಬರು ಹೇಳಿಬಿಟ್ಟರು. ಮನೆಯ ಯಜಮಾನರಲ್ಲವೇ! ಅವರಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ಅಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ. ಸುಳ್ಳೇಕೆ, ನನಗೂ ಆಗಲಿಲ್ಲ. ಹೊಸ ಕಾರಿನ ಸಂಭ್ರಮದಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಯಲಿಯೂರಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪಂಪ್‌ಸೆಟ್ ಮನೆಯದ್ದಾಗಲಿ, ಬೀರುವಿನದ್ದಾಗಲಿ, ಹೊಸದಾಗಿ ಬಂದ ಕೀ ದೇವರ ಗೂಡಿನಲ್ಲಿರಬೇಕು. ಬೇಕಾದವರು ಯಜಮಾನರ ಕೈಯಿಂದ ಈಸಿಕೊಳ್ಳಬೇಕು, ತಾವೇ ಕೈ ಹಾಕುವಂತಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ದಿನ ಕಾರಿನ ಎರಡೂ ಕೀಗಳಿಗೆ ಅರಿಶಿನ ಕುಂಕುಮ ಬಿತ್ತು. ಒಂದು ದೇವರ ಗೂಡಿಗೆ ಹೋಯಿತು, ಇನ್ನೊಂದು ಭಾವನ ಅಂಗಿ ಜೇಬಿಗೆ. ನನ್ನ ಮೊಬೈಲಿಗೆ ಭಾವ ತಮ್ಮ ಮೊಬೈಲಿನಿಂದ ಒಂದು ಕೀ ಕಳಿಸಿದರು, ಪ್ರಸಾದ ಹಂಚಿದ ಹಾಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ವರ ಕೊಟ್ಟವಳೂ ನಾನೇ, ಬೇಡಿಕೊಂಡು ನಿಂತವಳೂ ನಾನೇ.

ನಾನು ಬಾಗಿಲು ತೆಗೆದಾಗಲೆಲ್ಲ ಭಾವನ ಮೊಬೈಲು ಟಿಂಗ್ ಅನ್ನುತ್ತಿತ್ತು. ಕಾರು ಎಲ್ಲಿ ನಿಂತಿದೆ ಎಂಬುದೂ ಅದರಲ್ಲಿ ಕಾಣುತ್ತಿತ್ತು. ಸಂಜೆ ಕಾಫಿ ಲೋಟ ಹಿಡಿದು ವಿಚಾರಣೆ: “ಮದ್ದೂರ್ ತಾವ ಇಪ್ಪತ್ತು ನಿಮ್ಸ ನಿಂತಿತ್ತಲ್ಲಮ್ಮ ಕಾರು, ಯಾಕೆ?” ವಡೆ ತಿಂದೆ ಭಾವ, ಎಂದು ಒಪ್ಪಿಸಬೇಕಾಗಿತ್ತು, ನಲವತ್ತೈದು ವರ್ಷದ ನಾನು.

ಶನಿವಾರ ನಾನು ಮಳವಳ್ಳಿಗೆ ಹೋಗುತ್ತೇನೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಲಕ್ವ ಹೊಡೆದು ಅವಳ ಎಡಗೈ, ಎಡಗಾಲು ಸೋತಿವೆ. ವಾರವಾರ ಮಂಡ್ಯಕ್ಕೆ ಕರೆತಂದು ವ್ಯಾಯಾಮ ಮಾಡಿಸಬೇಕು, ತಪ್ಪಿಸಿದರೆ ಕಾಲು ಹಾಗೇ ಮರಗಟ್ಟಿಬಿಡುತ್ತದೆ ಎಂದಿದ್ದರು ಡಾಕ್ಟರು. ನಾನು ಕಾರು ಕೊಂಡದ್ದೇ ಅದಕ್ಕೆ.

ಆ ಶನಿವಾರ ಭಾವನಿಗೆ ಹೇಳದೆ ಹೊರಟಿದ್ದೆ. ಮರೆತಲ್ಲ, ಬೇಕೆಂದೇ. ಮಳವಳ್ಳಿಯಲ್ಲಿ ಕಾರು ನಿಲ್ಲಿಸಿ ಒಳಗೆ ಹೋಗಿ, ವಾಕರ್ ಹಿಡಿದ ಅಕ್ಕನನ್ನು ಒಂದೊಂದೇ ಹೆಜ್ಜೆ ನಡೆಸಿಕೊಂಡು ಬೀದಿಗೆ ಬಂದರೆ ಬಾಗಿಲು ತೆರೆಯಲೊಲ್ಲದು. ಮೊಬೈಲಿನಲ್ಲಿ ಒಂದೇ ಸಾಲು: ನಿಮ್ಮ ಕೀ ರದ್ದಾಗಿದೆ. ಭಾವನಿಗೆ ಫೋನು ಮಾಡಿದೆ.

“ಊಂ, ನಾನೇ ತೆಗ್ದೆ ಕಣಮ್ಮ,” ಎಂದರು ನಿಧಾನವಾಗಿ. “ಒಂದ್ಮಾತು ಕೇಳ್ದೆ ಓಗೋದು ಅಂದ್ರೇನು? ಮನೇಲಿ ದೊಡ್ಡೋರು ಇಲ್ವಾ? ತಪ್ಪಾಯ್ತು ಅನ್ನು, ಕೊಡ್ತೀನಿ.”

ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕನ ಕಾಲು ನಡುಗುತ್ತಿತ್ತು. “ತಪ್ಪಾಯ್ತು ಭಾವ” ಅಂದೆ. ಎರಡು ನಿಮಿಷಕ್ಕೆ ಕೀ ಮತ್ತೆ ಬಂತು, ಟಕ್ ಎಂದು ಬಾಗಿಲು ತೆರೆಯಿತು.

ಲಕ್ವ ಹೊಡೆದದ್ದು ಅಕ್ಕನ ಕೈಕಾಲಿಗೇ ಹೊರತು ನಾಲಿಗೆಗಲ್ಲ. ಸೀಟಿನಲ್ಲಿ ಕೂತವಳೇ, “ನೀನ್ ತಂದಿರೋದು ಕಾರಾ, ಇಲ್ಲ ಅವ್ರ ಕೊಟ್ಗೆ ಎಮ್ಮೆನಾ? ಅವ್ರು ಕಟ್ಟಾಕುದ್ರೆ ನಿಂತ್ಕಬೇಕು, ಬುಟ್ರೆ ಓಗ್ಬೇಕು! ನನ್ಗೋಸ್ಕರ ಇನ್ನೊಂದ್ಸಲ ತಪ್ಪಾಯ್ತು ಅಂದ್ರೆ ನಿನ್ ಕಾರೇ ಅತ್ತಾಕಿಲ್ಲ ಕಣೆ. ಕಾಲು ಸೆಟೆದೋದ್ರೂ ಸರಿ” ಅಂದಳು. ಅಕ್ಕ ಅಂದದ್ದನ್ನು ಮಾಡುವವಳು. ನನಗೆ ಹೆದರಿಕೆಯಾಯಿತು.

ಸೋಮವಾರ ಶೋರೂಮಿಗೆ ಹೋಗಿ ಆ ಹುಡುಗಿಯನ್ನೇ ಕೇಳಿದೆ, ಮೇನ್ ಫೋನು ಬದಲಾಯಿಸುವುದು ಹೇಗೆ ಎಂದು. ಕಾರು ನನ್ನ ಹೆಸರಿನಲ್ಲೇ ಇದ್ದದ್ದರಿಂದ ಅವಳು ಹಿಂದೆಮುಂದೆ ನೋಡಲಿಲ್ಲ. ಎರಡು ಎಲೆಕ್ಟ್ರಾನಿಕ್ ಕೀಗಳೂ ಒಟ್ಟಿಗೆ ಕಾರಿನೊಳಗಿರಬೇಕು, ಆಗ ಕಾರಿನ ಪರದೆಯಲ್ಲೇ ಹಳೇ ಫೋನುಗಳನ್ನೆಲ್ಲ ಅಳಿಸಿ ಹೊಸದನ್ನು ಸೇರಿಸಬಹುದು ಎಂದಳು. ನನಗೆ ನಗು ಬಂತು. ಒಂದು ಕೀ ದೇವರ ಹತ್ತಿರ, ಇನ್ನೊಂದು ಭಾವನ ಹತ್ತಿರ. ಇಬ್ಬರನ್ನೂ ಒಂದೇ ಕಾರಿಗೆ ಹತ್ತಿಸಬೇಕು, ಅಷ್ಟೆ ತಾನೆ!

ಮುಂದಿನ ಶನಿವಾರ ಸ್ನಾನ ಮಾಡಿ ದೇವರ ಗೂಡಿಗೆ ಕೈ ಹಾಕಿದೆ. ಹಲ್ಲುಜ್ಜುತ್ತ ಬಂದ ನನ್ನ ಗಂಡ ಬ್ರಷ್ಷು ಬಾಯಲ್ಲೇ ಬಿಟ್ಟು ನಿಂತರು. “ಲೇ, ಅಣ್ಣ ಕೊಡ್ಬೇಕು ಕಣೆ ಅದ.”

“ದೇವ್ರಿಗೆ ಕೈ ಮುಗ್ದೆ, ಅವ್ನೇನೂ ಅನ್ನಲಿಲ್ಲ. ನೀವೇನಾರ ಅಂತೀರಾ?”

ಅವರು ಬಾಯಿ ಮುಕ್ಕಳಿಸಲು ಹೋದರು.

ಭಾವನಿಗೆ ಅವತ್ತು ಮದ್ದೂರಿನಲ್ಲಿ ಗೃಹಪ್ರವೇಶ. ನನ್ನ ದಾರಿಯೂ ಮದ್ದೂರಿನ ಮೇಲೆಯೇ. “ಬನ್ನಿ ಭಾವ, ಬುಡ್ತೀನಿ” ಅಂದೆ. ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತರು. ಗೆಜ್ಜಲಗೆರೆ ಹತ್ತಿರ ರಸ್ತೆ ಬದಿಗೆ ಕಾರು ನಿಲ್ಲಿಸಿದೆ. ಅಲ್ಲಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿದವರ ಬೈಕುಗಳು ಪಕ್ಕದಲ್ಲೇ ಹೋಗುತ್ತಿದ್ದವು.

“ಯಾಕಮ್ಮ ನಿಲ್ಸುದ್ದು?”

“ಕೀ ಜೇಬಲ್ಲಿ ಐತಾ ಭಾವ?”

“ಇಲ್ದೆ ಎಲ್ಲೋಯ್ತದೆ?” ಎಂದು ಜೇಬು ತಟ್ಟಿ ತೋರಿಸಿದರು.

“ಅಲ್ಲೇ ಇರ್ಲಿ.” ಕುಂಕುಮ ಮೆತ್ತಿದ ದೇವರ ಕೀಯನ್ನು ಬ್ಯಾಗಿನಿಂದ ತೆಗೆದು ಇಬ್ಬರ ನಡುವೆ ಇಟ್ಟೆ. “ಇವತ್ತಿಂದ ಈ ಕಾರಿನ ಮೇನ್ ಫೋನು ನಂದು. ಕದ್ದು ಮಾಡಾಕಿಲ್ಲ, ನಿಮ್ ಮುಂದೇನೇ ಮಾಡ್ತೀನಿ.”

ಭಾವನ ಕಣ್ಣು ಕೀ ಮೇಲೆ ನೆಟ್ಟಿತು. “ದೇವರ ಗೂಡಿಗೆ ನೀನೇ ಕೈ ಆಕುದ್ಯಾ?” ಅವರು ಆಗ ಬಾಗಿಲು ತೆಗೆದು ಇಳಿದಿದ್ದರೆ ಅವರ ಕೀಯೂ ಜೊತೆಗೆ ಇಳಿಯುತ್ತಿತ್ತು, ನನ್ನ ಕೆಲಸ ಕೆಡುತ್ತಿತ್ತು. ಅದು ಅವರಿಗೆ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಕೂತೇ ಇದ್ದರು. ನಾನು ಕಾರಿನ ಪರದೆಯಲ್ಲಿ ಹಳೇ ಫೋನುಗಳನ್ನು ಅಳಿಸಿ, ನನ್ನದನ್ನು ಸೇರಿಸಿ, ಸರಿ ಎಂದು ಒತ್ತಿದೆ.

ಟಿಂಗ್.

ಭಾವ ಮೊಬೈಲನ್ನು ತೋಳುದ್ದ ದೂರ ಹಿಡಿದು ಓದಿದರು. ನಿಮ್ಮ ಕೀ ರದ್ದಾಗಿದೆ.

“ನಂಗೂ ಇದೇ ಬಂದಿತ್ತು ಭಾವ,” ಅಂದೆ. “ಅಕ್ಕನ್ನ ಬಿಸಿಲಲ್ಲಿ ನಿಲ್ಸ್ಕೊಂಡು ಓದಿದ್ದೆ.”

ಮದ್ದೂರಿನಲ್ಲಿ ಗೃಹಪ್ರವೇಶದ ಮನೆ ಮುಂದೆ ನಿಲ್ಲಿಸಿದೆ. ಇಳಿದ ಮೇಲೆ ಭಾವ ಅರ್ಧ ತಿರುಗಿ, “ಸಂಜೆ ನಾನು ಬರೋದೆಂಗೆ?” ಎಂದರು.

“ಫೋನ್ ಮಾಡಿ, ಬತ್ತೀನಿ. ತಪ್ಪಾಯ್ತು ಅನ್ಬೇಕಿಲ್ಲ.”

ಮಳವಳ್ಳಿಯಲ್ಲಿ ಅಕ್ಕ ವಾಕರ್ ಹಿಡಿದು ಕಾರಿನವರೆಗೆ ಬಂದಳು. ಹತ್ತಲಿಲ್ಲ. “ಇವತ್ತು ಏನಂತ ಕೇಳ್ಕೊಂಡ್ ಬಂದೆ ಅವ್ರನ್ನ?”

“ಕೇಳ್ನಿಲ್ಲ ಕಣಕ್ಕ. ಓಯ್ತೀನಿ ಅಂದೆ, ಬಂದೆ.”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬಲಗೈಯಲ್ಲಿ ತಾನೇ ಬಾಗಿಲು ಎಳೆದು ತೆಗೆದು ಕೂತಳು.