ಬಾಯಿ ನೋಡಿ ಮೀನು ತರುವುದು

ನಾನು ಧಾರವಾಡದವಳು. ಮದುವೆಯಾಗುವವರೆಗೆ ನಾನು ಮೀನು ಕಂಡದ್ದೆಲ್ಲ ಶಾಲೆಯ ಚಿತ್ರಪಟದಲ್ಲಿ, ಇಲ್ಲವೇ ಕೆರೆಯ ದಂಡೆಯಲ್ಲಿ ನಿಂತು ಚುರುಮುರಿ ಎಸೆಯುವಾಗ. ನನ್ನ ಮಾವ ಉಡುಪಿ ಕಡೆಯವರು, ಮುಂಬಯಿಯ ಒಂದು ಹೋಟೆಲಿನಲ್ಲಿ ಮೂವತ್ತೈದು ವರ್ಷ ಮೀನು ಹುರಿದವರು. ಇಂಥ ನಾವಿಬ್ಬರೂ ಸೇರಿ ಮನೆಯ ಗಾಜಿನ ತೊಟ್ಟಿಗೆ ಮೀನು ಆರಿಸಲು ಹೋದೆವು. ಆಮೇಲೆ ಏನೇನಾಗಬೇಕೋ ಅದೆಲ್ಲ ಆಯಿತು.

ಮಾವ ನಮ್ಮ ಮುಲುಂಡಿನ ಫ್ಲ್ಯಾಟಿಗೆ ಬಂದು ಆಗ ಆರು ತಿಂಗಳಾಗಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಹೋಟೆಲಿನ ಕೆಲಸ ಬಿಟ್ಟು, ಅಲ್ಲಿನ ಸ್ಟಾಫ್ ರೂಮಿನಿಂದ ಒಂದೇ ಒಂದು ಬ್ಯಾಗು ಹಿಡಿದುಕೊಂಡು ಬಂದಿದ್ದರು. ಬಂದವರು ಮನೆಗೆ ಎಷ್ಟು ಬೇಗ ಒಗ್ಗಿದರೆಂದರೆ, ಅವರಿಲ್ಲದೆ ಮೊದಲು ಹೇಗೆ ನಡೆಯುತ್ತಿತ್ತೋ ನನಗೇ ಮರೆತುಹೋಯಿತು. ಒಂಬತ್ತು ವರ್ಷದ ಮಗಳಿಗೆ ಜಡೆ ಹೆಣೆಯುವವರು ಅವರೇ. ನನ್ನ ಆಫೀಸು ಇರುವುದು ಸಯನ್‌ನಲ್ಲಿ. ಸಂಜೆ ಲೋಕಲ್ ಭಾಂಡುಪ್ ದಾಟಿದ ಕೂಡಲೇ ನಾನೊಂದು ಮಿಸ್ಡ್ ಕಾಲ್ ಕೊಡಬೇಕು, ಅವರು ಅಲ್ಲಿ ಚಹಾಕ್ಕೆ ಇಡಬೇಕು. ನಾನು ಚಪ್ಪಲಿ ಬಿಡುವುದಕ್ಕೂ ಶುಂಠಿ ಹಾಕಿದ ಚಹಾ ಕೈಗೆ ಬರುವುದಕ್ಕೂ ಸರಿಹೋಗುತ್ತಿತ್ತು. ನನ್ನಪ್ಪ ಹೋದ ಮೇಲೆ ನಾನು ಮನೆಗೆ ಬರುವ ಹೊತ್ತನ್ನು ಯಾರೂ ಹಾಗೆ ಕಾದಿರಲಿಲ್ಲ.

ತೊಂದರೆ ಇದ್ದದ್ದು ಒಂದೇ, ಮೀನು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹೋಟೆಲಿನ ಅಡುಗೆಮನೆ ನೋಡಲು ಹೋಗಿದ್ದೆ. ಮಾವ ಬಾಣಲೆಯ ಮುಂದೆ ನಿಂತು ನಗುತ್ತ "ಬಾ ಮಗಾ" ಎಂದರು. ನಾನು ಬಾಗಿಲಲ್ಲೇ ವಾಂತಿ ಮಾಡಿಕೊಂಡೆ, ಅದೂ ಎಂಟು ಜನ ಕೆಲಸದವರ ಎದುರಿಗೆ! ಪಾಪ, ಮಾವನೇ ನೀರು ತಂದುಕೊಟ್ಟು, "ನಿನ್ನ ಮನೆಗೆ ನಾನು ಯಾವತ್ತೂ ಮೀನು ತರುವುದಿಲ್ಲ, ಆಯ್ತಾ?" ಎಂದು ಮಾತು ಕೊಟ್ಟಿದ್ದರು. ಹನ್ನೆರಡು ವರ್ಷವಾದರೂ ಆ ಮಾತು ಮುರಿದಿರಲಿಲ್ಲ. ವಾರದಲ್ಲಿ ಆರು ದಿನ ನನ್ನ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಾಳ್ಮೆಯಿಂದ ತಿನ್ನುವರು. ಆದಿತ್ಯವಾರ ಬೆಳಿಗ್ಗೆ ಭಾಂಡುಪ್‌ನಲ್ಲಿರುವ ದೊಡ್ಡ ಮಗನ ಮನೆಗೆ ಲೋಕಲ್ ಹತ್ತಿ ಹೋಗಿ, ಮೀನೂಟ ಉಂಡು, ಕೈಗೆ ಮೂರು ಸಲ ಸಾಬೂನು ಹಚ್ಚಿ ತೊಳೆದು ವಾಪಸು ಬರುವರು. ಆ ದೊಡ್ಡ ಮಗ "ವಾರವಾರ ಯಾಕೆ ಓಡಾಟ, ಇಲ್ಲೇ ಇದ್ದುಬಿಡಿ" ಎಂದು ಕರೆಯುತ್ತಿದ್ದರು. ಮಾವ ದೀಪಾವಳಿ ಕಳೆದ ಮೇಲೆ ಹೋಗುವುದಾಗಿ ಒಪ್ಪಿಕೊಂಡುಬಿಟ್ಟರು. ಹೋಗಬೇಡಿ ಎಂದು ಹೇಳಲು ನನಗೆ ಬಾಯಿಯೇ ಬರಲಿಲ್ಲ. ಮೀನು ಬೇಡ, ಮಾವ ಬೇಕು ಎಂದರೆ ಯಾವ ನ್ಯಾಯ?

ಇದರ ನಡುವೆ ಮಗಳ ಹುಟ್ಟುಹಬ್ಬ ಬಂತು. ಅವಳಿಗೆ ಫಿಶ್ ಟ್ಯಾಂಕೇ ಬೇಕಂತೆ. ನಾನು ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಸೀರೆಯ ಸೆರಗಿಗೆ ಕುಪ್ಪಸ ಆರಿಸುವ ಹಾಗೆ ಪಟ್ಟಿ ಮಾಡಿದೆ. ಸ್ಟೇಷನ್ ಹತ್ತಿರದ ಅಂಗಡಿಗೆ ಹೋದಾಗ ಮಾವ ಪಟ್ಟಿಯನ್ನು ನೋಡಲೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ಬಗ್ಗಿ, ಒಂದೊಂದು ತೊಟ್ಟಿಯ ಮುಂದೂ ನಿಂತು ಮೀನಿನ ಮುಖವನ್ನೇ ನೋಡತೊಡಗಿದರು.

"ಬಣ್ಣ ಎಂತಕ್ಕೆ ನೋಡುದು ಮಗಾ, ಬಾಯಿ ನೋಡು" ಎಂದರು. "ಬಾಯಿ ಮೇಲೆ ಮಾಡಿಕೊಂಡಿದ್ದರೆ ಅದು ನೀರಿನ ಮೇಲೆ ತಿನ್ನುವ ಜಾತಿ. ನೇರ ಇದ್ದರೆ ನಡುವಿನದ್ದು. ಕೆಳಗೆ ಇದ್ದರೆ ಅಡಿಯಲ್ಲಿ ಬಿದ್ದದ್ದನ್ನು ಹೆಕ್ಕಿ ತಿಂತದೆ. ಮೂರು ಮಾಳಿಗೆಗೆ ಮೂರು ನಮೂನೆ ತಕೊಂಡರೆ ಜಗಳ ಇಲ್ಲ. ಮತ್ತೆ, ಒಂದರ ಬಾಯಿಯಲ್ಲಿ ಇನ್ನೊಂದು ಹಿಡಿಯುವ ಹಾಗೆ ಇರಬಾರದು. ಅಷ್ಟೇ ಶಾಸ್ತ್ರ."

ಮಗಳು ಆಗಲೇ ಏಂಜಲ್ ಮೀನಿನ ತೊಟ್ಟಿಗೆ ಮೂಗು ಒತ್ತಿ ನಿಂತಿದ್ದಳು. ಅಂಗೈಯಗಲದ ಬಿಳಿ ಮೈ, ಅದರ ಮೇಲೆ ಕಪ್ಪು ಪಟ್ಟೆ, ಉದ್ದುದ್ದ ರೆಕ್ಕೆ. ನನ್ನ ಪಟ್ಟಿಯಲ್ಲೂ ಅದೇ ಮೊದಲನೆಯದು. ಎರಡನೆಯದು ನಿಯಾನ್ ಟೆಟ್ರಾ. ಬೆರಳಿನ ಒಂದು ಗಿಣ್ಣಿನಷ್ಟು ಉದ್ದ, ಹೊಳೆಯುವ ನೀಲಿ ಗೆರೆ, ಬಾಲದ ಹತ್ತಿರ ಕೆಂಪು.

"ಇವೆರಡು ಒಟ್ಟಿಗೆ ಬೇಡ" ಎಂದರು ಮಾವ. "ಈ ದೊಡ್ಡದರ ಬಾಯಿ ಮುಚ್ಚಿದಾಗ ಸಣ್ಣ ಕಾಣ್ತದೆ. ತಿನ್ನುವಾಗ ನೋಡಬೇಕು." ಅಂಗಡಿಯವನಿಗೆ ಸ್ವಲ್ಪ ತಿಂಡಿ ಹಾಕಲು ಹೇಳಿದರು. ಅವನು "ಕುಛ್ ನಹೀ ಹೋತಾ ಅಂಕಲ್, ಸಬ್ ಸಾಥ್ ಮೇ ರೆಹತೇ ಹೈ" ಎಂದ. ಎಲ್ಲ ಒಟ್ಟಿಗೇ ಇರುತ್ತವಂತೆ. ನಕ್ಕು, ಕೈಯಲ್ಲಿ ಜಾಳಿಗೆ ಹಿಡಿದು ನನ್ನ ಮುಖ ನೋಡಿದ.

ನಾನು ಅಂಗಡಿಯವನ ಪಕ್ಷ ಸೇರಿದೆ. "ಮಾವಾರ, ನಿಮ್ಮದು ತಿನ್ನೋ ಮೀನಿನ ಲೆಕ್ಕಾರೀ. ಇವು ಸಾಕೋ ಮೀನು, ಇವಕ್ಕ ಸಂಸ್ಕಾರ ಇರತದ" ಎಂದುಬಿಟ್ಟೆ. ಮಾವ "ಹಾಂ, ಹಾಗಾದರೆ ಆಯ್ತು" ಎಂದು ಹಿಂದೆ ಸರಿದು ನಿಂತರು. ಎರಡು ಏಂಜಲ್, ಹತ್ತು ನಿಯಾನ್ ಮನೆಗೆ ಬಂದವು.

ನೋಡಲು ಚೆನ್ನಾಗಿಯೇ ಇತ್ತಪ್ಪ! ನೀಲಿ ಗೆರೆಗಳೆಲ್ಲ ಒಂದೇ ಸಲ ಈ ಕಡೆ, ಒಂದೇ ಸಲ ಆ ಕಡೆ. ನಾನು ಎರಡು ದಿನ ಟಿವಿಯನ್ನೇ ಹಚ್ಚಲಿಲ್ಲ. ಮೂರನೆಯ ದಿನ ಮಗಳು ಎಣಿಸಿ "ಮಮ್ಮಿ, ಎಂಟೇ ಇದೆ" ಎಂದಳು. ನಿನಗೆ ಎಣಿಸಲು ಬರುವುದಿಲ್ಲ ಎಂದು ಗದರಿಸಿದೆ. ಮರುದಿನ ನಾನೇ ಎಣಿಸಿದರೆ ಏಳು! ಫಿಲ್ಟರ್ ಬಿಚ್ಚಿ ನೋಡಿದೆ. ಹಾರಿ ಹೊರಗೆ ಬಿತ್ತೇನೋ ಎಂದು ಸೋಫಾ ಸರಿಸಿ, ಬ್ಯಾಟರಿ ಹಿಡಿದು ಹುಡುಕಿದೆ. ಹೋದ ವರ್ಷ ಕಳೆದಿದ್ದ ಕಿವಿಯೋಲೆ ಸಿಕ್ಕಿತು. ಬಾಲ್ಕನಿಗೆ ಬರುವ ಕಾಗೆಯ ಮೇಲೂ ಸಂಶಯಪಟ್ಟೆ. ಮಾವ ಏನೂ ಹೇಳಲಿಲ್ಲ. ಹೇಳಲು ನಾನು ಬಿಟ್ಟಿದ್ದರಲ್ಲವೇ?

ಶುಕ್ರವಾರ ಸಂಜೆಗೆ ಉಳಿದವು ಆರೇ ನಿಯಾನ್. ಎದುರು ಫ್ಲ್ಯಾಟಿನ ಮರಾಠಿ ಹೆಂಗಸು, ನಾವೆಲ್ಲ "ಬಾಯಿ" ಎಂದು ಕರೆಯುವವರು, ಕರಿಬೇವು ಕೇಳಲು ಬಂದು, "ನಿಮ್ಮ ಮೀನು ಎಲ್ಲಿ ಹೋಗುತ್ತಿವೆ ಅಂತ ಪತ್ತೆಯಾಯಿತಾ?" ಎಂದು ಹಿಂದಿಯಲ್ಲಿ ಕೇಳಿದರು. ನನ್ನ ನಾಲಿಗೆ ನಿಲ್ಲಬೇಕಲ್ಲ. "ಘರ್ ಮೇ ಮಛಲೀ ಖಾನೇವಾಲಾ ಏಕ್ ಹೀ ಹೈ!" ಎಂದೆ. ಮನೆಯಲ್ಲಿ ಮೀನು ತಿನ್ನುವವರು ಒಬ್ಬರೇ ಅಲ್ಲವೇ ಎಂದು ಇಬ್ಬರೂ ಗಹಗಹಿಸಿ ನಕ್ಕೆವು. ತಿರುಗಿ ನೋಡಿದರೆ ಮಾವ ಹಾಲಿನಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಾರೆ. ಅವರೂ ನಕ್ಕರು. ನಕ್ಕು, ಮಗಳ ಯೂನಿಫಾರ್ಮಿನ ಕಾಲರನ್ನು ಎರಡೆರಡು ಸಲ ನೀವಿದರು.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು: "ದೀಪಾವಳಿವರೆಗೆ ಎಂತಕ್ಕೆ ಕಾಯುದು? ಈ ಆದಿತ್ಯವಾರ ಹೇಗೂ ಭಾಂಡುಪ್‌ಗೆ ಹೋಗ್ತೇನಲ್ಲ, ಬ್ಯಾಗು ಸಹ ಹಿಡ್ಕೊಂಡು ಹೋಗುವ ಅಂತ."

ನನ್ನ ಗಂಡ ನನ್ನ ಮುಖ ನೋಡಿದರು. ಮಗಳು "ಅಜ್ಜಾ, ಪ್ಲೀಸ್ ನಕೋ, ಹೋಗಬೇಡ" ಎಂದು ಅಳಲು ಶುರು ಮಾಡಿದಳು. ನಾನು ರೊಟ್ಟಿಯನ್ನು ಚೂರುಚೂರು ಮುರಿದು ತಟ್ಟೆಯಲ್ಲೇ ಬಿಟ್ಟೆ. ಅಷ್ಟೆಲ್ಲ ಮೀನುಗಳ ಬಾಯಿಯ ಬಗ್ಗೆ ಹೇಳಿದ ಮನುಷ್ಯ ನನ್ನ ಬಾಯಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶನಿವಾರ ಬೆಳಿಗ್ಗೆ ನಳದ ನೀರು ಹಿಡಿಯಲೆಂದು ಐದೂವರೆಗೆ ಎದ್ದೆ. ಹಾಲಿನ ದೀಪ ಹಾಕಿ ತೊಟ್ಟಿಯ ಕಡೆ ನೋಡಿದೆ. ದೊಡ್ಡ ಏಂಜಲ್ ತಣ್ಣಗೆ ನಿಂತಿತ್ತು. ಅದರ ಬಾಯಿಂದ ಕೆಂಪು ಬಾಲವೊಂದು ಹೊರಗೆ ಇಣುಕುತ್ತಿತ್ತು. ನೋಡುತ್ತಿದ್ದ ಹಾಗೆಯೇ ಒಂದು ಗುಟುಕು, ಅದೂ ಒಳಗೆ ಹೋಯಿತು. "ಅಯ್ಯಯ್ಯೋ ಮಾವಾರಾ!" ಎಂದು ನಾನು ಕೂಗಿದ್ದು ಕೆಳಗಿನ ವಾಚ್‌ಮನ್‌ಗೂ ಕೇಳಿಸಿರಬೇಕು.

ಮಾವ ಕನ್ನಡಕ ಹುಡುಕುತ್ತ ಬಂದರು. ನೋಡಿ, ನಿಯಾನ್ ಎಣಿಸಿ, "ಐದು ಉಳಿದಿವೆ" ಎಂದರು. ಹೇಳಿದ್ದೆನಲ್ಲ ಎಂದು ಅನ್ನಲೇ ಇಲ್ಲ.

ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ. "ತಪ್ಪಾತ್ರಿ ಮಾವಾರ. ನಿನ್ನೆ ಆ ಎದುರುಮನಿ ಬಾಯಿ ಮುಂದ ನಾ ಹಂಗ ಅನಬಾರದಿತ್ತು. ಮೀನಿನ ವಿಷಯಕ್ಕೂ ತಪ್ಪಾತು. ನೀವು ಹೋಗಬ್ಯಾಡ್ರಿ."

"ಎಂತ ಹೇಳಿದ್ದು ನೀನು? ನಂಗೆ ನೆನಪೇ ಇಲ್ಲ" ಎಂದರು. ಸುಳ್ಳು, ಶುದ್ಧ ಸುಳ್ಳು. ಆಮೇಲೆ ಸೋಫಾದ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳುತ್ತ ನಿಜ ಹೇಳಿದರು. "ನಿನ್ನ ಮಾತಿಗೆ ಹೋಗುದಲ್ಲ ಮಗಾ. ಆಸೆ ಆಗ್ತದೆ. ಬುಧವಾರದಿಂದಲೇ ಆದಿತ್ಯವಾರದ ಮೀನಿನ ನೆನಪು ಬರ್ತದೆ. ಈ ಪ್ರಾಯದಲ್ಲಿ ಬಾಯಿಚಪಲಕ್ಕೆ ಟ್ರೇನು ಹತ್ತುದು ನಾಚಿಕೆ ಅಲ್ವಾ? ಅಲ್ಲಿಯೇ ಇದ್ದರೆ ಯಾರಿಗೂ ಉಪದ್ರ ಇಲ್ಲ."

ನನಗೆ ಸಿಟ್ಟು ಬಂತು. ಮಾವನ ಮೇಲಲ್ಲ, ನನ್ನ ಮೇಲೆಯೇ. ಹನ್ನೆರಡು ವರ್ಷದ ಹಿಂದೆ ಕೊಟ್ಟ ಮಾತನ್ನು ಈ ಮನುಷ್ಯ ಹೊತ್ತು ತಿರುಗುತ್ತಿದ್ದರೆ, ಕೆಳಗಿಳಿಸಿ ಎಂದು ಹೇಳಬೇಕಾದವಳು ನಾನಲ್ಲದೆ ಇನ್ಯಾರು? "ಮಾತು ಕೊಟ್ಟಿದ್ದು ನನಗಲ್ಲೇನ್ರಿ? ನಾನೇ ವಾಪಸ್ ಕೊಡ್ತೀನಿ, ತಗೋರಿ. ನಾಳೆ ಇಲ್ಲೇ ಮಾಡ್ರಿ ಮೀನು" ಎಂದೆ.

"ಹುಚ್ಚಾ ನಿಂಗೆ? ವಾಸನೆ ಪರದೆಗೆಲ್ಲ ಹಿಡಿತದೆ. ನೀನು ಪುನಃ ವಾಂತಿ ಮಾಡಿಕೊಳ್ತಿ."

"ಮಾಡಿಕೊಂಡ್ರ ಬಾತ್‌ರೂಮ್ ಐತಿ!"

ಸಂಜೆ ಏಂಜಲ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದೆವು. ಈ ಸಲ ನಾನು ಪಟ್ಟಿ ಮಾಡಿರಲಿಲ್ಲ. ಮಾವ ಪ್ರತಿ ತೊಟ್ಟಿಗೂ ಚಿಟಿಕೆ ತಿಂಡಿ ಹಾಕಿಸಿ, ಮೀನು ಬಾಯಿ ತೆರೆಯುವುದನ್ನು ಮೊಮ್ಮಗಳಿಗೆ ತೋರಿಸಿ ತೋರಿಸಿ ಆರಿಸಿದರು. ಮೇಲಿನ ಮಾಳಿಗೆಗೆ ಬಾಯಿ ಮೇಲೆತ್ತಿದ ನಾಲ್ಕು ಗಪ್ಪಿ. ನಡುವೆ, ಉಳಿದಿದ್ದ ಐದು ನಿಯಾನ್‌ಗಳಿಗೆ ಜೊತೆಯಾಗಿ ಇನ್ನೈದು. ಕೆಳಗಿನ ಮಾಳಿಗೆಗೆ, ಮೀಸೆ ಹೊತ್ತ ಪುಟ್ಟ ಕೋರಿಡೋರಾಸ್ ನಾಲ್ಕು. ಅವು ಮರಳು ಕೆದರುವ ಗತ್ತು ನೋಡಿ ಮಗಳು ಬಿದ್ದು ಬಿದ್ದು ನಕ್ಕಳು. ಅಂಗಡಿಯವನು ಏಂಜಲ್ ವಾಪಸು ಪಡೆಯುವಾಗ ಮಾವನ ಕಡೆ ನೋಡಲಿಲ್ಲ. ನಾನು ಮಾತ್ರ ಅವನ ಕಡೆ ಚೆನ್ನಾಗಿಯೇ ನೋಡಿದೆ.

ಆದಿತ್ಯವಾರ ಬೆಳಿಗ್ಗೆ ಎದ್ದರೆ ಬಾಗಿಲ ಪಕ್ಕದಲ್ಲಿ ಮಾವನ ಬ್ಯಾಗು ತುಂಬಿ ನಿಂತಿತ್ತು. ಮಾವ ಸ್ನಾನಕ್ಕೆ ಹೋಗಿದ್ದರು. ನಾನು ಜಿಪ್ ಎಳೆದು, ಅಂಗಿ, ಪಂಚೆ, ಸ್ವೆಟರ್ ಎಲ್ಲ ತೆಗೆದು ಕಪಾಟಿನಲ್ಲಿ ಮೊದಲಿನ ಹಾಗೆಯೇ ಜೋಡಿಸಿದೆ. ಅವರು ಹೊರಬಂದ ಕೂಡಲೇ ಖಾಲಿ ಬ್ಯಾಗನ್ನು ಕೈಗೆ ಕೊಟ್ಟು, "ಮಾರ್ಕೆಟ್‌ಗೆ ಹೋಗಿ ಬರ್ರಿ. ಇದರಾಗ ತರ್ರಿ" ಎಂದೆ.

"ಇದರಲ್ಲಿ ಮೀನು ತಂದರೆ ಮತ್ತೆ ಬಟ್ಟೆ ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ, ಮಾರಾಯ್ತಿ."

"ಅದಕ್ಕೇ ಕೊಟ್ಟೇನ್ರಿ."

ಮಾವ ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಗು ಒರೆಸಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿ, ಮೊಣಕಾಲು ನೋವೇ ಇಲ್ಲದವರ ಹಾಗೆ ಮೆಟ್ಟಿಲಿಳಿದು ಹೋದರು. ಲಿಫ್ಟ್ ಇರುವುದೇ ಮರೆತಿತ್ತು.

ಬಂಗುಡೆ ತಂದರು. ಭಾಂಡುಪ್‌ನ ಮಗನಿಗೆ ಫೋನ್ ಮಾಡಿ "ಈ ವಾರ ನೀವೇ ಇಲ್ಲಿಗೆ ಬನ್ನಿ" ಎಂದರು. ಕಿಟಕಿ ಬಾಗಿಲೆಲ್ಲ ತೆರೆದೆವು. ಪರದೆಗಳನ್ನು ನನ್ನ ಗಂಡ ಬಿಚ್ಚಿಟ್ಟರು. ಮಸಾಲೆ ಹಚ್ಚುವ ಮೊದಲು ಮಾವ ಹಾಲಿಗೆ ಬಂದು, ಹೆಗಲ ಮೇಲಿನ ಬೈರಾಸು, ಅಂದರೆ ಅವರ ಟವೆಲ್, ತೆಗೆದು ತೊಟ್ಟಿಯ ಮೇಲೆ ಇಳಿಬಿಟ್ಟರು. ಯಾಕೆಂದು ಮಗಳು ಕೇಳಿದಳು. "ಅವುಗಳ ಎದುರು ಬೇಡ ಮಗಾ, ಬೇಜಾರು ಮಾಡ್ತಾವೆ" ಎಂದರು, ಗಂಭೀರವಾಗಿ. ಎಣ್ಣೆ ಚುಂಯ್ ಎಂದಾಗ ನಾನು ಬಿಲ್ಡಿಂಗಿನ ಅಂಗಳಕ್ಕೆ ಓಡಿದೆ, ಸುಳ್ಳೇಕೆ ಹೇಳಲಿ. ಅಲ್ಲಿ ಹತ್ತು ಸುತ್ತು ತಿರುಗಿದೆ. ಮೇಲೆ ಬಂದಾಗ ಎದುರು ಫ್ಲ್ಯಾಟಿನ ಬಾಯಿ ನಮ್ಮ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿದ್ದರು.

ಈ ಸಲ ವಾಂತಿಯಾಗಲಿಲ್ಲ. ನನ್ನ ರೊಟ್ಟಿ, ಬದನೆಕಾಯಿ ಪಲ್ಯದ ತಟ್ಟೆ ಹಿಡಿದು, ಬೇಕೆಂದೇ ಮಾವನ ಎದುರಿನ ಕುರ್ಚಿಯಲ್ಲಿ ಕೂತೆ. ಮಾವ ತಲೆ ಬಗ್ಗಿಸಿ ಮುಳ್ಳು ಬಿಡಿಸುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಸಲ ಅವರು ನಮ್ಮ ಮನೆಯಲ್ಲಿ ಅವಸರವಿಲ್ಲದೆ ಉಣ್ಣುವುದನ್ನು ಕಂಡೆ. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಬೈರಾಸು ಜಾರಿ ಕೆಳಗೆ ಬಿತ್ತು. ಗಪ್ಪಿ, ನಿಯಾನ್ ಎಲ್ಲ ಗಾಜಿನ ಹತ್ತಿರ ಬಂದು ನಮ್ಮ ತಟ್ಟೆಗಳನ್ನೇ ನೋಡತೊಡಗಿದವು. ಮಾವ ಗಾಬರಿಯಾಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, ಕುರ್ಚಿ ಹಿಂದೆ ಸರಿಸಿ ಏಳಲು ಹೋದರು.

"ಕೂತು ಉಣ್ರಿ ಮಾವಾರ" ಎಂದೆ. "ಅವಕ್ಕ ನಾ ಹೇಳ್ತೀನಿ."